ತಲೆಕೆಳಗು ಕೂರಿಸಿದ ಓಕ್ ಬಾಗಿಲು

ಕೊಪ್ಪದ ನಮ್ಮ ಅಡುಗೆಮನೆಯ ಕಪಾಟಿನ ಬಾಗಿಲಿಗೆ ವೈಟ್ ಓಕ್ ಮರ ಆರಿಸಿದವಳು ನಾನೇ. ಅದರ ಹಲಗೆಯಲ್ಲಿನ ಗೋಪುರದಂಥ ಗೆರೆಗಳ ಚೂಪು ತುದಿ ಕೆಳಮುಖವಾಗಿದ್ದರೆ ಚೆಂದ ಅನ್ನಿಸಿತು.

"ಚೂಪಾದ ಕಡೆ ಮರದ ತಲೆ. ಅದನ್ನ ಕೆಳಗೆ ಮಾಡಿ ನಮ್ಮಲ್ಲಿ ಯಾರೂ ಕೂರ್ಸಲ್ಲ ಮಾರಾಯ್ರೆ," ಎಂದರು ಬಡಗಿ ಮೋನಪ್ಪಾಚಾರ್ರು.

"ಮನೆ ನಂದು. ಕೂರ್ಸಿ."

ಕೂರಿಸಿ ಹೋದರು. ಬೆಳಿಗ್ಗೆ ನೋಡಿದರೆ ಗೆರೆಗಳು ಮೇಲ್ಮುಖವಾಗಿದ್ದವು. ಕಪಾಟಿನೊಳಗೆ ಹಸಿ ಮಣ್ಣಿನ ವಾಸನೆ. ಆಚಾರ್ರದೇ ಕಿತಾಪತಿಯೆಂದು ಬೈದು, ಬಾಗಿಲು ಬಿಚ್ಚಿಸಿ ಮತ್ತೆ ತಿರುಗಿಸಿ ಹಾಕಿಸಿದೆ. ಈ ಸಲ ಮೇಲಿನ ಮೂಲೆಯಲ್ಲಿ ಪೆನ್ಸಿಲ್ಲಿನಿಂದ ನನ್ನ ಹೆಸರು ಬರೆದೆ. ಯಾರಾದರೂ ತಿರುಗಿಸಿದರೆ ಹೆಸರೂ ತಲೆಕೆಳಗಾಗಿ ಕೆಳಗೆ ಬರಲೇಬೇಕು.

ಇವತ್ತು ಗೆರೆಗಳು ಮತ್ತೆ ಮೇಲ್ಮುಖವಾಗಿವೆ. ಬಾಗಿಲು ಮುಟ್ಟಿದರೆ ಮೈ ಮುಟ್ಟಿದಷ್ಟು ಬೆಚ್ಚಗಿದೆ. ನಾನು ಸೋಲುವವಳಲ್ಲ, ಆಚಾರ್ರನ್ನು ಕರೆಸಿದ್ದೇನೆ. ಅವರು ಸ್ಕ್ರೂಡ್ರೈವರ್ ಕೆಳಗಿಟ್ಟು ಬಾಗಿಲಿನ ಮೇಲಿನ ಮೂಲೆ ತೋರಿಸುತ್ತಿದ್ದಾರೆ.

ನನ್ನ ಹೆಸರು ಬರೆದಲ್ಲೇ ಇದೆ, ನೆಟ್ಟಗೆ.