ಹದಿನಾರು ಮೂಲೆ

ಬಾಗಿಲು ತೆರೆದೇ ಇತ್ತು. ಒಳಗೆ ನೆಲವೆಲ್ಲ ನೀರು. ನೀರಿನ ನಡುವೆ ಗಾಜಿನ ಚೂರು. ಚೂರುಗಳ ನಡುವೆ ಮನೆಯ ಯಜಮಾನ ಮಗ್ಗುಲಾಗಿ ಬಿದ್ದಿದ್ದ. ಮೈ ತಣ್ಣಗಾಗಿತ್ತು.

ಇನ್ಸ್‌ಪೆಕ್ಟರ್ ಹೊಸ್ತಿಲಲ್ಲೇ ನಿಂತರು. ಠಾಣೆಯವರು ಬೆನ್ನ ಹಿಂದೆ ಅವರನ್ನು ‘ನಿಧಾನಿ’ ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು, ಬೇಸರವೇನಿರಲಿಲ್ಲ. ಕಾಲಿಡುವ ಮೊದಲು ಕೋಣೆಯನ್ನು ಕಣ್ತುಂಬ ನೋಡಿಕೊಳ್ಳಬೇಕು ಎಂಬುದು ಅವರ ಹಳೆಯ ಅಭ್ಯಾಸ.

ಚಿಕ್ಕ ಕೋಣೆ. ರಸ್ತೆ ಕಡೆಗೊಂದು ಕಿಟಕಿ. ಗೋಡೆಗೆ ಹೊಂದಿಸಿ ಮರದ ಮೇಜು, ಅದರ ಅಂಚಿಗೆ ಕಬ್ಬಿಣದ ಪಟ್ಟಿ. ಮೇಜಿನ ಮೇಲೆ ಬ್ಲೇಡು, ಕೆರೆದು ತೆಗೆದ ಹಳೇ ಅಂಟಿನ ಸುರುಳಿಗಳು, ಅರ್ಧ ಖಾಲಿಯಾದ ಸಿಲಿಕಾನ್ ಟ್ಯೂಬು. ಹೊಸ ಅಂಟಿನ ಹುಳಿ ವಾಸನೆ ಇನ್ನೂ ಮೂಗಿಗೆ ಹೊಡೆಯುತ್ತಿತ್ತು. ಬಾಗಿಲ ಹಿಂದೆ ಖಾಲಿ ಬಕೆಟ್ಟು.

“ನಾನೇ ಸಾರ್ ಮೊದಲು ನೋಡಿದ್ದು.”

ಹೇಳಿದವನು ಸತ್ತವನ ಹೆಂಡತಿಯ ತಮ್ಮ. ವ್ಯಾನ್ ಓಡಿಸುವವನು. ಸತ್ತವನು ಅದೇ ವ್ಯಾನಿನಲ್ಲಿ ಸಾಮಾನು ಏರಿಸಿ ಇಳಿಸುವ ಕೆಲಸಕ್ಕಿದ್ದ.

“ಭಾವನ್ನ ಕೆಲಸಕ್ಕೆ ಕರಿಯೋಣ ಅಂತ ಬಂದೆ. ಹೀಗೆ ಬಿದ್ದಿದ್ರು.”

“ಇದೇನು ಗಾಜು?”

“ಮೀನಿನ ತೊಟ್ಟಿ ಸಾರ್. ಗುಜರೀಲಿ ಹಳೇದು ತಂದಿದ್ದಾರೆ, ರಿಪೇರಿ ಮಾಡ್ತಿದಾರೆ ಅಂತ ಅಕ್ಕ ಹೇಳಿದ್ಲು. ನಿನ್ನೆ ಸಂಜೆ ಈ ರಸ್ತೇಲಿ ಹೋಗ್ತಾ ಕಿಟಕಿಯಿಂದ ಮಾತಾಡಿಸ್ದೆ. ಬಕೆಟ್ಟಲ್ಲಿ ತೊಟ್ಟಿಗೆ ನೀರು ತುಂಬ್ತಿದ್ರು. ಸೋರುತ್ತಾ ನೋಡ್ತೀನಿ ಕಣೋ ಅಂದ್ರು. ನೀರಿನ ಭಾರಕ್ಕೆ ಒಡೆದು ಮೈಮೇಲೆ ಬಂದಿರ್ಬೇಕು.”

ಹೆಂಡತಿ ಗೋಡೆಗೊರಗಿ ಕೂತಿದ್ದಳು. ತಮ್ಮ ನೀರಿನ ಮಾತೆತ್ತಿದಾಗ ಒಮ್ಮೆ ತಲೆಯೆತ್ತಿ ಅವನನ್ನು ನೋಡಿದಳು. ಮತ್ತೆ ತಗ್ಗಿಸಿದಳು. ಅವಳ ಬಲ ಅಂಗೈಗೆ ಬಟ್ಟೆ ಸುತ್ತಿತ್ತು.

“ಕೈಗೇನಾಯ್ತಮ್ಮ?”

“ಗಾಜು ಕುಯ್ತು.”

“ಯಾವಾಗ?”

ಅವಳು ಆ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು.

ಪಕ್ಕದ ಮನೆಯ ಅಜ್ಜಿ ಮಾತ್ರ, “ಸತ್ತವರ ವಿಷಯ ನನಗ್ಯಾಕಪ್ಪ, ನಾನೇನೂ ಹೇಳಲ್ಲ,” ಎಂದು ಶುರುಮಾಡಿ ಎಲ್ಲವನ್ನೂ ಹೇಳಿದಳು.

“ತಿಂಗಳಿಂದ ಕೆಲಸ ಬಿಟ್ಟು ಮನೇಲೇ ಕೂತಿದ್ದ. ನಿದ್ದೆ ಇಲ್ಲ, ಊಟ ಇಲ್ಲ. ಈ ಬಾಮೈದನೂ ಈ ಕಡೆ ತಲೆ ಹಾಕಿರ್ಲಿಲ್ಲ. ನಿನ್ನೆ ಸಂಜೆ ಗಂಡ ಹೆಂಡ್ತಿಗೆ ಜೋರು ಜಗಳ. ‘ನೀವಲ್ಲಿಗೆ ಹೋದ್ರೆ ನನ್ನ ಹೆಣ ನೋಡ್ತೀರ’ ಅಂದ್ಲು. ಆಮೇಲೆ ಮಗಳನ್ನ ಕರ್ಕೊಂಡು ನಮ್ಮನೆಗೆ ಬಂದು ಮಲಗಿದ್ಲು.”

“ಮಧ್ಯೆ ಎದ್ದು ಹೋಗಿದ್ರೆ ನಿಮಗೆ ಗೊತ್ತಾಗ್ತಿತ್ತಾ ಅಜ್ಜಿ?”

“ನಾನು ಕಣ್ಣು ಮುಚ್ಚಿದ್ರೆ ಮನೆ ಹೊತ್ಕೊಂಡು ಹೋದ್ರೂ ಏಳಲ್ಲಪ್ಪ.”

*

ಮಧ್ಯಾಹ್ನ ಠಾಣೆಯಲ್ಲಿ ಮಹಿಳಾ ಕಾನ್ಸ್‌ಟೇಬಲ್ ಆಗಲೇ ತೀರ್ಪು ಕೊಟ್ಟಾಗಿತ್ತು.

“ಹೆಂಡ್ತೀನೇ ಸಾರ್. ಜಗಳ ಆಗಿದೆ, ಕೈ ಕುಯ್ದಿದೆ, ಬಾಯಿ ಬಿಡ್ತಿಲ್ಲ. ಇನ್ನೇನು ಬೇಕು?”

“ಊಟ ಆಯ್ತಾ ನಿಂದು?”

“ಇಲ್ಲ ಸಾರ್.”

“ಮೊದಲು ಮಾಡು. ಹಸಿದ ಹೊಟ್ಟೇಲಿ ಯಾರನ್ನೂ ಜೈಲಿಗೆ ಕಳಿಸ್ಬಾರ್ದು.”

ಅಷ್ಟರಲ್ಲಿ ಡಾಕ್ಟರ ಫೋನು ಬಂತು. ಗಾಜಿನ ಗಾಯಗಳು ಮೇಲುಮೇಲಿನವು. ಪ್ರಾಣ ತೆಗೆದದ್ದು ತಲೆಯ ಹಿಂಭಾಗದ ಪೆಟ್ಟು. ಯಾರೋ ಎದುರಿನಿಂದ ಬಲವಾಗಿ ತಳ್ಳಿದ್ದಾರೆ, ಮೇಜಿನ ಕಬ್ಬಿಣದ ಅಂಚಿಗೆ ತಲೆ ಬಡಿದಿದೆ. ಎದೆಯ ಮೇಲೆ ಕೈ ಒತ್ತಿದ ಗುರುತಿದೆ. ಕೊನೆಗೆ ಡಾಕ್ಟರು ಇನ್ನೊಂದು ಮಾತು ಹೇಳಿದರು. ಇನ್ಸ್‌ಪೆಕ್ಟರ್ ಅದನ್ನು ಬರೆದುಕೊಂಡು, ಕೆಳಗೊಂದು ಗೆರೆ ಎಳೆದು, ಫೋನಿಟ್ಟರು.

ಗುಜರಿ ಅಂಗಡಿಯವನನ್ನು ಕರೆಸಿದ್ದಾಯಿತು. ಒಡಕು ತೊಟ್ಟಿ ಕೊಟ್ಟದ್ದಕ್ಕೆ ಜಗಳವೇನಾದರೂ ಆಗಿತ್ತೇ ಎಂಬುದು ಅನುಮಾನ. ಅವನು ಬಂದವನೇ ಕೈಯೆತ್ತಿಬಿಟ್ಟ.

“ಅಯ್ಯೋ, ಮುಚ್ಚುಮರೆ ಏನಿಲ್ಲ ಸಾರ್. ಮುಂದಿನ ಗಾಜು ಮೇಲಿಂದ ಕೆಳಗೆ ಸೀಳಿದೆ, ನೀರು ನಿಲ್ಲಲ್ಲ ಅಂತ ಹೇಳೇ ಕೊಟ್ಟಿದ್ದು. ನನಗೆ ನೀರೇ ಬೇಡ ಬಿಡಣ್ಣ ಅಂದ. ಹೊತ್ಕೊಂಡು ಹೋದ.”

“ನೀರೇ ಬೇಡ ಅಂದ್ನಾ?”

“ಹೂಂ ಸಾರ್. ಮೀನಿನ ತೊಟ್ಟಿಗೆ ನೀರು ಬೇಡ ಅನ್ನೋ ಗಿರಾಕೀನ ನಾನು ಅವತ್ತೇ ನೋಡಿದ್ದು.”

ಇನ್ಸ್‌ಪೆಕ್ಟರ್ ಎದ್ದು ಟೋಪಿ ಹಾಕಿಕೊಂಡರು. ಕಾನ್ಸ್‌ಟೇಬಲ್ ಡಬ್ಬಿ ಮುಚ್ಚುತ್ತ, ತಡೆದು ತಡೆದು ಹೇಳಿದಳು:

“ಸಾರ್... ಸತ್ತವರನ್ನ ಎಲ್ಲೋ ನೋಡಿದೀನಿ ಅನ್ನಿಸ್ತಿತ್ತು. ಮೊನ್ನೆ ಇಲ್ಲೇ ಬೆಂಚಿನ ಮೇಲೆ ಕೂತಿದ್ರು. ಸೈಕಲ್ಲಲ್ಲಿ ಪೇಪರ್ ಹಾಕ್ತಿದ್ದ ಮುದುಕರಿಗೆ ಗುದ್ದಿ ಹೋದ ಗಾಡಿ ಸಿಕ್ತಾ ಅಂತ ಕೇಳಿದ್ರು. ಸಾಹೇಬ್ರಿಲ್ಲ, ಇನ್ನೊಂದಿನ ಬನ್ನಿ ಅಂದೆ.”

ಆ ಪೇಪರ್ ಮುದುಕ ತಿಂಗಳ ಹಿಂದೆ ರಸ್ತೆ ಬದಿಯಲ್ಲಿ ಒದ್ದಾಡಿ ಸತ್ತಿದ್ದ. ಗುದ್ದಿದ ಗಾಡಿ ಯಾವುದೆಂದು ಪತ್ತೆಯಾಗಿರಲಿಲ್ಲ.

“ನಡಿ,” ಎಂದರು ಇನ್ಸ್‌ಪೆಕ್ಟರ್. “ಗಾಜು ಆರಿಸ್ಬೇಕು.”

*

ನೆಲ ಒಣಗಿತ್ತು. ಇಬ್ಬರೂ ಹಾಸುಬಟ್ಟೆ ಹರಡಿ ಚೂರುಗಳನ್ನು ಒಂದೊಂದಾಗಿ ಅದರ ಮೇಲಿಟ್ಟರು.

“ಪೂರ್ತಿ ಜೋಡಿಸೋದಾ ಸಾರ್? ಮುಂದಿನ ವರ್ಷ ಆಗುತ್ತೆ.”

“ಪೂರ್ತಿ ಬೇಡ. ಮೂಲೆಗಳನ್ನ ಮಾತ್ರ ಆರಿಸು. ಎರಡು ಅಂಚು ಸೇರೋ ಚೂರು. ಒಂದು ಹಲಗೆ ಗಾಜಿಗೆ ನಾಲ್ಕೇ ಮೂಲೆ.”

ತಳಕ್ಕೊಂದು, ಹಿಂದಕ್ಕೊಂದು, ಮುಂದಕ್ಕೊಂದು, ಅಕ್ಕಪಕ್ಕ ಎರಡು. ಐದು ಗಾಜಿಗೆ ಇಪ್ಪತ್ತು ಮೂಲೆ ಇರಬೇಕು. ಮೇಜಿನ ಕೆಳಗೆ, ಬಾಗಿಲ ಸಂದಿ, ಚಾಪೆಯ ಮಡಿಕೆ ಎಲ್ಲ ಕಡೆ ಹುಡುಕಿದರು. ಹದಿನಾರೇ ಸಿಕ್ಕವು.

ಇನ್ಸ್‌ಪೆಕ್ಟರ್ ಹಿತ್ತಲಿಗೆ ಹೋದರು. ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಗೋಣಿ ಮುಚ್ಚಿದ ಏನೋ ಒರಗಿತ್ತು. ಗೋಣಿ ಸರಿಸಿದರು. ನಡುವೆ ಮೇಲಿಂದ ಕೆಳಗೆ ಸೀಳಿದ ಒಂದು ಗಾಜು. ನಾಲ್ಕು ಮೂಲೆಯೂ ನೆಟ್ಟಗಿದ್ದವು. ಸೀಳಿನ ಬಳಿ ಒಣಗಿ ಕಪ್ಪಾದ ರಕ್ತದ ಕಲೆ, ಅದರ ಮೇಲೆ ಧೂಳು. ಪಕ್ಕದಲ್ಲಿ, ಬಣ್ಣ ಆರಲು ಬಿಟ್ಟ ಮರದ ಚೌಕಟ್ಟು, ಅದಕ್ಕೆ ಬಿಗಿದ ತಂತಿ ಬಲೆ.

ಹಿಂದೆ ಹೆಜ್ಜೆಯ ಸದ್ದಾಯಿತು. ಸತ್ತವನ ಹೆಂಡತಿ.

“ಯಾವ ಪ್ರಾಣಿಗಮ್ಮ ಇದು?”

“ಮೊಲಕ್ಕೆ,” ಎಂದಳು ಅವಳು ಮೆಲ್ಲಗೆ. “ಮಗಳು ಕೇಳಿದ್ಲು. ಒಡೆದ ಗಾಜು ತೆಗೆದು ಮುಂದುಗಡೆ ಬಲೆ ಬಾಗಿಲು ಕೂರಿಸ್ತೀನಿ, ಗಾಳಿ ಆಡುತ್ತೆ ಅಂದ್ರು. ಆ ಗಾಜು ಹಿಡ್ಕೊಳ್ಳೋವಾಗ ನನ್ನ ಕೈ ಕುಯ್ತು. ಅದು ಹೋದ ವಾರ.”

“ಅಂದ್ಮೇಲೆ ಮುಂಭಾಗವೇ ಇಲ್ಲದ ತೊಟ್ಟಿಗೆ ಯಾರೂ ನೀರು ತುಂಬೋಕಾಗಲ್ಲ. ಬೆಳಿಗ್ಗೆ ನಿಮ್ಮ ತಮ್ಮ ನೀರಿನ ಮಾತಾಡಿದಾಗಲೇ ಅವನು ಸುಳ್ಳು ಹೇಳ್ತಿದಾನೆ ಅಂತ ನಿಮಗೆ ಗೊತ್ತಾಯ್ತು. ಅಲ್ವಾ?”

ಅವಳು ಕಲ್ಲಿನ ಮೇಲೆ ಕುಸಿದು ಕೂತಳು.

“ನಾನೇ ತಳ್ಳಿದೆ ಅಂತ ಬರ್ಕೊಳ್ಳಿ ಸಾರ್.”

“ಬರ್ಕೊಳ್ಳೋಕಾಗಲ್ಲಮ್ಮ. ನೀವು ತಳ್ಳಿದ್ರೆ ನೀರು ಹಾಕ್ತಿರ್ಲಿಲ್ಲ.”

“ಅಮ್ಮ ಸತ್ತಾಗ ಅವನು ತೊಟ್ಟಿಲಲ್ಲಿದ್ದ. ನನ್ನ ಸೊಂಟದ ಮೇಲೆ ಬೆಳೆದ ಕೂಸು.”

“ನಿಮಗೂ ಒಂದು ಕೂಸಿದೆ. ನೀವು ಜೈಲಿಗೆ ಹೋದ್ರೆ ಅದನ್ನ ಸೊಂಟದ ಮೇಲೆ ಹೊರೋರು ಯಾರು?”

ಅವಳು ಬಾಯಿಗೆ ಸೆರಗು ಒತ್ತಿಕೊಂಡಳು.

*

ಸಂಜೆಗೆ ಡ್ರೈವರನನ್ನು ಅದೇ ಕೋಣೆಗೆ ಕರೆಸಿದರು. ಅಕ್ಕನೂ ಇದ್ದಳು. ಕಾನ್ಸ್‌ಟೇಬಲ್ ಬಾಗಿಲಿಗೆ ಅಡ್ಡ ನಿಂತಳು.

“ನಿನ್ನೆ ಕಿಟಕಿಯಿಂದ ನೋಡಿದೆ ಅಂದ್ಯಲ್ಲ. ನೀರು ಎಷ್ಟು ತುಂಬಿತ್ತು?”

“ಅರ್ಧ... ಅರ್ಧಕ್ಕಿಂತ ಜಾಸ್ತಿ ಸಾರ್.”

“ಕಣ್ಣಾರೆ ನೋಡಿದ್ಯಾ?”

“ದೇವರಾಣೆ.”

ಇನ್ಸ್‌ಪೆಕ್ಟರ್ ಹಿತ್ತಲಿನಿಂದ ತರಿಸಿದ ಸೀಳು ಗಾಜನ್ನು ಗೋಡೆಗೆ ಒರಗಿಸಿದರು.

“ಇದು ಆ ತೊಟ್ಟಿಯ ಮುಂದಿನ ಗಾಜು. ವಾರದಿಂದ ಹಿತ್ತಲಲ್ಲಿದೆ. ನೀನು ನೋಡಿದ ನೀರು ಯಾವುದರ ಆಧಾರದ ಮೇಲೆ ನಿಂತಿತ್ತಪ್ಪ?”

ಡ್ರೈವರನ ಮುಖ ಕಪ್ಪಿಟ್ಟಿತು.

“ಈ ಮನೇಲಿರೋರಿಗೆ ಇದು ಮೊಲದ ಗೂಡು ಅಂತ ಗೊತ್ತು. ನೀನು ತಿಂಗಳಿಂದ ಇಲ್ಲಿಗೆ ಬಂದಿರ್ಲಿಲ್ಲ. ನಿನ್ನೆ ಬಂದೆ. ಜಗಳ ಆಯ್ತು. ತಳ್ಳಿದೆ. ತಲೆ ಮೇಜಿಗೆ ಬಡೀತು, ಮೈ ತೊಟ್ಟಿ ಮೇಲೆ ಬಿತ್ತು. ತೊಟ್ಟಿಯನ್ನ ನೀನು ಗಮನಿಸಿ ನೋಡಿದ್ದು ಅದು ಚೂರಾದ ಮೇಲೇನೇ. ಮೀನಿನ ತೊಟ್ಟಿ ಅಂದ್ಮೇಲೆ ನೀರು ಇರ್ಲೇಬೇಕು ಅಂದ್ಕೊಂಡೆ. ಬಕೆಟ್ಟು ಸುರಿದೆ. ತಿಂಗಳಿಂದ ಕೆಲಸಕ್ಕೆ ಬರದೇ ಇರೋನನ್ನ ಇವತ್ತು ಬೆಳಿಗ್ಗೆ ಕರಿಯೋಕೆ ಬಂದೆ, ಮೊದಲು ನೋಡಿದೋನು ನೀನೇ ಆಗ್ಲಿ ಅಂತ.”

“ನಾನ್ಯಾಕೆ ಸಾರ್ ಭಾವನ್ನ...”

“ಪೇಪರ್ ಮುದುಕನಿಗೆ ಗುದ್ದಿದ್ದು ನಿನ್ನ ವ್ಯಾನು. ಪಕ್ಕದ ಸೀಟಲ್ಲಿ ನಿನ್ನ ಭಾವ ಇದ್ದ. ನಿಲ್ಲಿಸು ಅಂದಿರ್ತಾನೆ, ನೀನು ನಿಲ್ಲಿಸ್ಲಿಲ್ಲ. ಅವನಿಗೆ ಅವತ್ತಿಂದ ನಿದ್ದೆ ಬರ್ಲಿಲ್ಲ. ನಮ್ಮ ಹತ್ರ ಬಂದು ಹೇಳೋನಿದ್ದ. ವ್ಯಾನಿನ ಬಂಪರ್ ಬದಲಾಯಿಸಿರೋದನ್ನ ಮಧ್ಯಾಹ್ನ ನೋಡ್ಕೊಂಡೇ ಬಂದಿದೀವಿ.”

ಡ್ರೈವರ್ ಅಲ್ಲೇ ಕೂತುಬಿಟ್ಟ. “ಬೇಕು ಅಂತ ಮಾಡ್ಲಿಲ್ಲ ಅಕ್ಕಾ. ಒಂದೇ ಸಲ ತಳ್ಳಿದ್ದು. ಉಸಿರೇ ನಿಂತುಹೋಯ್ತು. ಏನ್ಮಾಡ್ಲಿ ನಾನು?”

ಇನ್ಸ್‌ಪೆಕ್ಟರಿಗೆ ಮುಂದಿನ ಮಾತು ಹೇಳಲು ಮನಸ್ಸಿರಲಿಲ್ಲ. ಹೇಳದೆ ವಿಧಿಯಿರಲಿಲ್ಲ.

“ಉಸಿರು ನಿಂತಿರ್ಲಿಲ್ಲ. ಡಾಕ್ಟರು ಹೇಳಿದ್ರು. ಅವನು ಬೆಳಗಿನ ಜಾವದವರೆಗೂ ಬದುಕಿದ್ದ. ನೀನು ನೀರು ಸುರಿಯೋವಾಗ್ಲೂ.”

ಪಕ್ಕದ ಮನೆಯಲ್ಲಿ ಅಜ್ಜಿ ಮಗುವಿಗೆ ಏನೋ ಹೇಳಿ ಉಣ್ಣಿಸುತ್ತಿದ್ದ ಸದ್ದು ಗೋಡೆ ದಾಟಿ ಬರುತ್ತಿತ್ತು. ಸತ್ತವನ ಹೆಂಡತಿ ನಿನ್ನೆ ರಾತ್ರಿಯಿಡೀ ಮಲಗಿದ್ದು ಆ ಗೋಡೆಯ ಆಚೆಗೇ.

“ಅಕ್ಕಾ,” ಎಂದ ತಮ್ಮ. “ಏನಾದ್ರೂ ಹೇಳಕ್ಕಾ.”

ಅವಳು ಅವನ ಕಡೆ ತಿರುಗಲಿಲ್ಲ. ಇನ್ಸ್‌ಪೆಕ್ಟರನ್ನೇ ನೋಡಿದಳು.

“ಜಗಳ ಯಾಕಾಯ್ತು ಅಂತ ಬೆಳಿಗ್ಗೆಯಿಂದ ನಾನು ಹೇಳಿಲ್ಲ ಸಾರ್. ನಾಳೆ ಠಾಣೆಗೆ ಹೋಗಿ ಎಲ್ಲಾ ಹೇಳ್ತೀನಿ ಅಂದ್ರು ನಮ್ಮೋರು. ಬೇಡ ಅಂದೆ. ಕೇಳ್ಲಿಲ್ಲ. ಪಕ್ಕದ ಮನೆಗೆ ಹೋಗಿ ಇವನಿಗೆ ಫೋನ್ ಮಾಡ್ದೆ. ಭಾವ ಒಬ್ರೇ ಇದ್ದಾರೆ, ಬಂದು ಕಾಲು ಹಿಡ್ಕೋ ಅಂದೆ. ಇವನನ್ನ ಕರೆಸಿದ್ದು ನಾನು. ಅಲ್ಲಿಂದ ಬರ್ಕೊಳ್ಳಿ.”

ಇನ್ಸ್‌ಪೆಕ್ಟರ್ ನಿಧಾನವಾಗಿ ಪೆನ್ನು ತೆಗೆದರು.