ಮೂರುದಾರಿಯ ಆನೆದುಡ್ಡು

"ಇಂಥಾ ಆನೀನ ಯಾರರ ದಾರ್ಯಾಗ ಬಿಟ್ಟು ಹೋಗ್ತಾರೇನು?"

ಈಶಪ್ಪ ಮಾಸ್ತರ ಯಾರನ್ನೂ ಉದ್ದೇಶಿಸಿ ಕೇಳಿದ ಮಾತಲ್ಲ ಅದು. ಬೇವೂರಿನ ಹೊರಗೆ, ಯಲಬುರ್ಗಿಯ ದಾರಿಗೆ ಎರಡು ಬಂಡಿದಾರಿಗಳು ಬಂದು ಕೂಡುವಲ್ಲಿ, ಬೆಳಗಿನ ಬಿಸಿಲಿನಲ್ಲಿ ಅವನು ಒಬ್ಬನೇ ಕುಕ್ಕರಗಾಲಲ್ಲಿ ಕೂತಿದ್ದ. ಎದುರಿಗೆ ಮುತ್ತಲೆಲೆಯ ಮೇಲೆ ಅರಿಸಿನ ಕಲಸಿದ ಅನ್ನದ ಉಂಡೆ, ಹೋಳಾದ ನಿಂಬೆಹಣ್ಣು, ಹಣ್ಣಿನ ಗಾಯಕ್ಕೆ ತುಂಬಿದ ಕುಂಕುಮ. ಉಂಡೆಯ ನೆತ್ತಿಯಲ್ಲಿ, ಕರಿದಾರ ಸುತ್ತಿ ಏಳು ಗಂಟು ಹಾಕಿದ ಒಂದು ಹಳೆಯ ತಾಮ್ರದ ದುಡ್ಡು. ದಾರದ ಸಂದಿನಿಂದ ಆನೆಯೊಂದು ಇಣುಕುತ್ತಿತ್ತು. ಸೊಂಡಿಲು ಮೇಲೆತ್ತಿದ ಆನೆ.

ಅಷ್ಟು ಅನ್ನದ ಮೇಲೆ ಒಂದು ಇರುವೆಯಿರಲಿಲ್ಲ. ಹತ್ತಿರದ ಬನ್ನಿಗಿಡದಲ್ಲಿ ಕಾಗೆಗಳಿದ್ದವು, ಕೆಳಗಿಳಿದಿರಲಿಲ್ಲ. ಅದನ್ನು ಅವನು ನೋಡಿದ. ಮನಸ್ಸಿಗೆ ತಂದುಕೊಳ್ಳಲಿಲ್ಲ.

"ಮುಟ್ಟಬ್ಯಾಡ್ರಿ ಮಾಸ್ತರ!" ಸೆಗಣಿ ಬುಟ್ಟಿ ಹೊತ್ತು ಬರುತ್ತಿದ್ದ ಪಕ್ಕದ ಮನೆಯ ಮುದುಕಿ ಕಳಕಮ್ಮ ದೂರದಿಂದಲೇ ಕೂಗಿದಳು. "ಸರೀರಿ ಅತ್ತಾಗ. ಯಾರದೋ ಮೈಮ್ಯಾಗಿಂದು ನಿವಾಳಿಸಿ ಇಟ್ಟು ಹೋಗ್ಯಾರ."

"ಏನು ನಿವಾಳಿಸ್ಯಾರ ಆಯಿ? ಹಸಿವನ್ನೇನು? ಅನ್ನ ಬಿಟ್ಟು ಹೋಗ್ಯಾರ!"

"ನಗಬ್ಯಾಡ್ರಿ. ಬರೇ ಕಣ್ಣಿನ ನೆದರ ಆಗಿದ್ರ ದಾರ ಸುತ್ತತಿದ್ದಿಲ್ಲ. ಇದು ಮಾಟ ಕಟ್ಟಿದ್ದು. ಎತ್ತಿದವರ ಬೆನ್ನ ಹಿಂದ ಮನಿಗೆ ಬರತೈತಿ."

"ತಾಮ್ರಕ್ಕ ರೋಗ ಅಂಟೂದಾಗಿದ್ರ ಸರಕಾರದ ಖಜಾನಿ ಕಾಯೋ ಜವಾನ ಎಂದೋ ಸಾಯಬೇಕಿತ್ತಲ್ಲ ಆಯಿ."

ಹಾಗೆಂದವನೇ ದುಡ್ಡನ್ನೆತ್ತಿ ಕರಿದಾರವನ್ನು ಹಲ್ಲಿನಿಂದ ಕಡಿದು ಉಗಿದ. ನಾಲಗೆಯ ಮೇಲೆ ತಾಮ್ರದ ಕಹಿ ಹರಡಿತು. ಕಳಕಮ್ಮ ಬುಟ್ಟಿಯನ್ನು ಅಲ್ಲೇ ಇಳಿಸಿ, ಸುತ್ತುಬಳಸಿ ಹೊಲದೊಳಗಿಂದ ಮನೆಗೆ ಹೋದಳು.

ಅದು ಮೂವತ್ತೆಂಟನೆಯ ಇಸವಿಯ ಬೇಸಿಗೆ. ಗದಗಿನ ಕಡೆಯಿಂದ ಈ ನಿಜಾಮ ಸೀಮೆಯ ಸಾಲೆಗೆ ಬಂದು ಅವನಿಗಿನ್ನೂ ವರ್ಷ ತುಂಬಿರಲಿಲ್ಲ. ಹೆಂಡತಿ ತೀರಿಕೊಂಡಿದ್ದಳು. ಆರು ವರ್ಷದ ಮಗಳು ನೀಲವ್ವ, ಒಂದು ಟ್ರಂಕು, ಒಂದು ತಗಡಿನ ಡಬ್ಬಿ, ಇಷ್ಟೇ ಸಂಸಾರ. ಡಬ್ಬಿಯಲ್ಲಿ ಹಳೆಯ ನಾಣ್ಯಗಳು. ಮಾಸ್ತರಿಕೆಯ ಪಗಾರದಲ್ಲಿ ನಾಣ್ಯ ಕೂಡಿಸುವುದೆಂದರೆ ಕಾಲು ಸವೆಸಿ ಕೂಡಿಸುವುದು. ಕರಗಿಸಲೆಂದು ಬೋಗಾರರ ಅಂಗಡಿಗೆ ಬಂದ ಒಡಕು ತಾಮ್ರದ ರಾಶಿಯನ್ನು ರಜೆಯ ದಿನವೆಲ್ಲ ಕೆದಕುತ್ತಿದ್ದ. ಮಠದ ಕಾಣಿಕೆಗೆ ಬಿದ್ದ ನಡೆಯದ ದುಡ್ಡಿಗೆ ನಡೆಯುವ ದುಡ್ಡು ಕೊಟ್ಟು ಬದಲಿಸಿಕೊಳ್ಳುತ್ತಿದ್ದ. ಹಳ್ಳಿಯವರು ನಿವಾಳಿಸಿ ಬಿಸಾಡಲು ಚಲಾವಣೆ ತಪ್ಪಿದ ದುಡ್ಡನ್ನೇ ಆರಿಸುತ್ತಾರೆಂಬುದು ತಿಳಿದ ಮೇಲೆ, ದಾರಿಗಳು ಕೂಡುವ ಜಾಗಗಳೂ ಅವನ ಸಂತೆಯಾದವು. ಕಾಸು ಬಿಚ್ಚದೆ ಸಿಗುವ ಸಂತೆ.

ಈ ಹುಚ್ಚಿನಲ್ಲಿ ಅವನಿಗೊಬ್ಬ ಜೊತೆಗಾರನಿದ್ದ, ಯಲಬುರ್ಗಿಯ ಅರಳೆ ವ್ಯಾಪಾರದ ಗವಿಸಿದ್ದಪ್ಪ ಸಾವ್ಕಾರ. ಅರವತ್ತು ದಾಟಿದ ಮನುಷ್ಯ. ಅಕ್ಕಸಾಲಿಗರಿಗೆ ಮುಂಗಡ ಕೊಟ್ಟು ಬಂಗಾರದ ಹೊನ್ನು ತರಿಸುವಷ್ಟು ಅನುಕೂಲಸ್ಥ. ಆದರೂ ಮಾಸ್ತರ ಹೋದರೆ ಹೊನ್ನನ್ನು ಬದಿಗೆ ಸರಿಸಿ, ಅವನ ಡಬ್ಬಿಯ ಸವೆದ ತಾಮ್ರವನ್ನೇ ಮೊದಲು ನೋಡುತ್ತಿದ್ದ. "ನನ್ನ ಕಡೆ ರೊಕ್ಕ ಐತಿ, ನಿಮ್ಮ ಕಡೆ ಕಣ್ಣೈತಿ. ಎರಡೂ ಒಬ್ಬನ ಕಡೆನ ಇದ್ದಿದ್ರ ಅವನ ಜೋಡಿ ಯಾರೂ ಮಾತಾಡತಿದ್ದಿಲ್ಲ ಬಿಡ್ರಿ," ಎಂದು ಹೊಟ್ಟೆ ಕುಣಿಸಿ ನಗುತ್ತಿದ್ದ. ಮಖಮಲ್ಲು ಹೊದಿಸಿದ ಅವನ ಹಲಗೆಯಲ್ಲಿ ಆನೆದುಡ್ಡುಗಳ ಸಾಲಿನಲ್ಲಿ ಒಂದು ಗುಣಿ ಮಾತ್ರ ಹನ್ನೊಂದು ವರ್ಷದಿಂದ ಖಾಲಿ. ಅದು ಸೊಂಡಿಲೆತ್ತಿದ ಆನೆಯ ಜಾಗ.

ಈಗ ಆ ಆನೆ ಈಶಪ್ಪನ ಅಂಗಿಯ ಕಿಸೆಯಲ್ಲಿತ್ತು. ಸಾವ್ಕಾರನ ಮುಖ ಹೇಗಾದೀತೆಂದು ನೆನೆದು ದಾರಿಯುದ್ದಕ್ಕೂ ನಕ್ಕ.

ಮನೆ ಸೇರಿದಾಗ ಬಾಯಾರಿತ್ತು. ಒಂದು ತಂಬಿಗೆ ನೀರು ಕುಡಿದ. ಮತ್ತೊಂದು ಕುಡಿದ. ಬಿಸಿಲಿನ ಝಳವೆಂದುಕೊಂಡ. ಮಾರನೆಯ ದಿನ ಸಾಲೆಯಲ್ಲಿ ಮಗ್ಗಿ ಹೇಳಿಸುವಾಗ ನಾಲಗೆ ಅಂಗುಳಕ್ಕೆ ಹತ್ತಿಕೊಂಡು ಮಾತು ನಿಂತಿತು. ಹೊಟ್ಟೆ ಉಬ್ಬುವಷ್ಟು ಕುಡಿದರೂ ಗಂಟಲು ಒಲೆಬೂದಿಯಂತೆ ಒಣಗಿಯೇ ಇತ್ತು. ನೀರು ಎಲ್ಲಿಗೆ ಹೋಗುತ್ತಿತ್ತೋ.

ಆ ಸಂಜೆ, ಕಿಲುಬು ಬಿಡಲೆಂದು ಎಣ್ಣೆಯಲ್ಲಿ ನೆನೆಯಿಟ್ಟಿದ್ದ ದುಡ್ಡನ್ನು ನೀಲವ್ವ ಎತ್ತಿಕೊಂಡಳು. ಎಣ್ಣೆ ಮೊಣಕೈಗೆ ಇಳಿಯುತ್ತಿತ್ತು. ಕಣ್ಣು ಅರಳಿದ್ದವು.

"ಅಪ್ಪಾ, ಆನಿ! ಇದು ನನಗ. ನಂದು!"

ಅದೇ ಕ್ಷಣ ಈಶಪ್ಪನ ಗಂಟಲಿಗೆ ತಂಪು ಇಳಿಯಿತು. ಎರಡು ದಿನದ ದಾಹ ಊದಿದ ದೀಪದಂತೆ ಆರಿತು. ಅವನು ಹಾಯೆಂದು ಉಸಿರುಬಿಟ್ಟ.

"ಅಪ್ಪಾ, ನೀರು," ಎಂದಳು ನೀಲವ್ವ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಕೂಸು ಏಳದಾಯಿತು. ಕಿಟಕಿಯಿಲ್ಲದ ಕಲ್ಲುಮನೆಯ ಒಳಕೋಣೆ. ಹೊರಗೆ ಉರಿಬಿಸಿಲು, ಒಳಗೆ ಕೈಗೆ ಕೈ ಕಾಣದ ಕತ್ತಲು. ಮಾಳಿಗೆಯ ಬೆಳಕಿಂಡಿಯಿಂದ ಬಿದ್ದ ಬಿಸಿಲಿನ ಒಂದು ಕೋಲು ಅವಳ ಮುಖದವರೆಗೆ ಬಂದು ನಿಂತಿತ್ತು. ತುಟಿ ಎರಿಹೊಲದಂತೆ ಬಿರಿದಿದ್ದವು. ಅತ್ತರೆ ಕಣ್ಣೀರಿಲ್ಲ. ಉಸಿರಿಗೆ, ತೊಳೆಯದ ಕೊಡದ ತಳದಲ್ಲಿ ಬರುವ ಆ ಕಿಲುಬಿನ ವಾಸನೆ. ಬಾಯಿ ತೆರೆಸಿ ನೋಡಿದ. ನಾಲಗೆಯ ಅಂಚು ಹಸಿರಾಗಿತ್ತು. ಬೆರಳಿನಿಂದ ಒರೆಸಿದ. ಹಸಿರು ಬೆರಳಿಗೆ ಬಂತು, ನಾಲಗೆಯಿಂದ ಹೋಗಲಿಲ್ಲ.

ಅಷ್ಟರಲ್ಲಿ ಆ ಸಪ್ಪಳ ಕೇಳಿತು. ಗಟ. ಗಟ. ಗಟ. ಯಾರೋ ನೀರು ಕುಡಿಯುತ್ತಿದ್ದರು. ನೀಲವ್ವನ ಬಾಯಿ ಮುಚ್ಚಿತ್ತು. ಸಪ್ಪಳ ಕೋಣೆಯ ಮೂಲೆಯಿಂದ, ಕೊಡ ಇಟ್ಟಲ್ಲಿಂದ ಬರುತ್ತಿತ್ತು. ಕೈಯಾಡಿಸಿದ. ಬೆಳಿಗ್ಗೆ ತುಂಬಿಸಿಟ್ಟ ಕೊಡ ಬರಿದು. ಒಳಗೋಡೆ ಬೆಚ್ಚಗಿತ್ತು, ಬಾಯಿಯ ಒಳಗಿನಂತೆ.

ಅವನು ಕಳಕಮ್ಮನ ಬಾಗಿಲಿಗೆ ಓಡಿದ.

ಮುದುಕಿ ಹಿಡಿ ಒಣಮೆಣಸಿನಕಾಯಿ ತಂದಳು. ಮಠದ ಪುರಾಣದಲ್ಲಿ ಕೇಳಿ ಕಲಿತ ಪದ್ಯವೊಂದನ್ನು ತುಟಿಯಲ್ಲೇ ಹೇಳುತ್ತ ಕೂಸಿನ ಮೇಲೆ ಮೂರು ಸಲ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಮೆಣಸಿನಕಾಯಿ ಚಟಪಟ ಸಿಡಿದವು, ಕಪ್ಪಾದವು. ಹೊಗೆ ಕೋಣೆ ತುಂಬಿತು. ಯಾರೂ ಕೆಮ್ಮಲಿಲ್ಲ. ಯಾರೂ ಸೀನಲಿಲ್ಲ. ಅಷ್ಟು ಹೊಗೆಯಲ್ಲಿ ಎಳ್ಳಷ್ಟೂ ಘಾಟಿರಲಿಲ್ಲ. ಪದ್ಯದ ನಡುಸಾಲಿನಲ್ಲಿ ಕಳಕಮ್ಮನ ಬಾಯಿ ನಿಂತಿತು.

"ಆಯಿ, ಮಾತಾಡ. ಏನಿದು?"

"ಹುಲಿಹೈದರದಾಗ ನನ್ನ ತಂಗಿ ಮನ್ಯಾಗ ಇಂಥದ್ದೊಂದು ನೋಡೀನ್ರಿ. ಕಟ್ಟಿದ್ದನ್ನ ಹಲ್ಲಿಲೆ ಕಡದು ಬಿಟ್ರಿ ನೀವು." ಅವಳು ಕೆಂಡದ ಮೇಲೆ ಬೂದಿ ಮುಚ್ಚಿದಳು. "ಇದು ಆಸಿಗೆ ಹತ್ತೂದು ಮಾಸ್ತರ. ಆಸಿಪಟ್ಟು ಬರಿಗೈಲೆ ಹಿಡಿದವರಿಗೆ ಹತ್ತತೈತಿ. ನೀವು ಆಸಿಪಟ್ರಿ, ನಿಮಗ ಹತ್ತಿತು. ಕೂಸು ಆಸಿಪಟ್ಟಿತು, ನಿಮ್ಮನ್ನ ಬಿಟ್ಟು ಅದಕ್ಕ ಹೋತು."

"ಹಂಗಾದ್ರ ನಾನ ಹಿಡೀತೀನಿ. ನನಗ ಬರ್ಲಿ ಅದು."

"ಹಿಡದು ನೋಡ್ರಿ," ಎಂದಳು ಕಳಕಮ್ಮ. ನೋಡಲಾಗದೆ ಮುಖ ತಿರುಗಿಸಿದಳು.

ಈಶಪ್ಪ ದುಡ್ಡನ್ನು ಮುಷ್ಟಿಯಲ್ಲಿ ಹಿಡಿದ. ಎದೆಗೊತ್ತಿಕೊಂಡ. ಬಾಯಿಗಿಟ್ಟುಕೊಂಡ. ನನ್ನದು, ನನ್ನದು ಎಂದು ಜಪಿಸಿದ. ಗಂಟಲು ತಂಪಾಗಿಯೇ ಇತ್ತು. ಆ ಅಂಚು, ಆ ಅಚ್ಚು, ದಂತದ ಆ ಗೆರೆ, ಎರಡು ದಿನದ ಹಿಂದೆ ಪ್ರಾಣ ಜಗ್ಗಿದ ಚೆಲುವಿನ ಮೇಲೆ ಈಗ ಹೇಸಿಗೆಯಲ್ಲದೆ ಬೇರೇನೂ ಹುಟ್ಟಲಿಲ್ಲ. ಆಸೆಪಡಲು ಒದ್ದಾಡಿದ. ಆಸೆಯೆಂಬುದು ಬಾರದ ನಿದ್ದೆಯಂತೆ ದೂರ ದೂರ ಸರಿಯಿತು. ಎಷ್ಟು ಹೊತ್ತಾದರೂ ಬರಲಿಲ್ಲ.

"ಎಷ್ಟು ಹೊತ್ತೈತಿ ಆಯಿ?"

"ತಂಗಿ ಮನ್ಯಾಗ ಮೂರನೇ ಹೊತ್ತು ಮುಳುಗೂದಕ್ಕ ಮುಗದಿತ್ತು. ಇಲ್ಲಿ, ನಾಳಿ ಸಂಜೀಗೆ." ಕೂಸಿನ ಹಣೆ ಸವರಿ ಅಂದಳು, "ಈ ಸೀಮಿಯಾಗ ಇದನ್ನ ಆಸಿಪಟ್ಟು ಎತ್ತೂ ಮನಶ್ಯಾ ಯಾರೂ ಸಿಗಂಗಿಲ್ರಿ."

ಒಬ್ಬ ಸಿಗುತ್ತಾನೆಂದು ಈಶಪ್ಪನಿಗೆ ಗೊತ್ತಿತ್ತು.

ಬೆಳಕು ಹರಿಯುವ ಮುಂಚೆಯೇ ಕೂಸನ್ನು ಕಳಕಮ್ಮನಿಗೆ ಒಪ್ಪಿಸಿ ಯಲಬುರ್ಗಿಯ ದಾರಿ ಹಿಡಿದ. ದಾರಿಯುದ್ದಕ್ಕೂ ಒಂದೇ ಲೆಕ್ಕ ಹೇಳಿಕೊಂಡ. ಅವನು ಉಂಡು ಉಟ್ಟು ತಣಿದ ಜೀವ. ನನ್ನದು ಆರು ವರ್ಷದ್ದು. ಅವನಿಗೆ ಅರವತ್ತು. ನನ್ನದಕ್ಕೆ ಆರು. ಹೆಜ್ಜೆಗೊಮ್ಮೆ ಹೇಳಿಕೊಂಡ. ಯಲಬುರ್ಗಿ ಮುಟ್ಟುವ ಹೊತ್ತಿಗೆ ಆ ಮಾತು ನಾಚಿಕೆ ಕಳೆದುಕೊಂಡಿತ್ತು.

ಗವಿಸಿದ್ದಪ್ಪ ಪಡಸಾಲೆಯಲ್ಲಿ ವಿಭೂತಿ ಹಚ್ಚಿಕೊಂಡು ಕೂತಿದ್ದ. "ಬರ್ರಿ ಮಾಸ್ತರ! ಏನಿದು, ಮಾರಿ ಬಾಡೇತಿ?"

ಈಶಪ್ಪ ಅಂಗೈ ಬಿಚ್ಚಿದ.

ಸಾವ್ಕಾರ ಮುಂದಕ್ಕೆ ಬಾಗಿದ. ಕಣ್ಣು ತುಂಬಿ ಬಂದವು. ಹೆಗಲ ಮೇಲಿದ್ದ ರೇಷ್ಮೆಯ ತುಂಡನ್ನೆಳೆದು, ಅದರಲ್ಲಿ ದುಡ್ಡನ್ನು ಹಿಡಿದು ಬೆಳಕಿಗೆತ್ತಿದ. "ಹನ್ನೊಂದು ವರ್ಷ ಮಾಸ್ತರ! ಹನ್ನೊಂದು ವರ್ಷ! ಏನು ಕೇಳತೀರಿ ಕೇಳ್ರಿ."

"ಏನೂ ಬ್ಯಾಡ್ರಿ." ಈಶಪ್ಪನ ದನಿ ಅವನಿಗೇ ಅಪರಿಚಿತವಾಗಿತ್ತು. "ಬರಿಗೈಲೆ ಹಿಡದು ನೋಡ್ರಿ ಒಮ್ಮೆ. ಅದರ ತೂಕ ಗೊತ್ತಾಗತೈತಿ."

"ಹುಚ್ಚೇನ್ರಿ? ಬೆವರಿನ ಉಪ್ಪು ತಾಮ್ರ ತಿನ್ನತೈತಿ. ಚಲಾವಣಿ ರೊಕ್ಕ ಬಿಟ್ರ ನಾನು ಯಾವ ದುಡ್ಡೂ ಬರಿಗೈಲೆ ಮುಟ್ಟಿದವನಲ್ಲ."

"ಒಮ್ಮೆ. ನನ್ನ ಸಲುವಾಗಿ."

"ಭಾರಿ ಅದೀರಿ ಬಿಡ್ರಿ ನೀವು!" ಸಾವ್ಕಾರ ನಗುತ್ತ ದುಡ್ಡನ್ನು ರೇಷ್ಮೆಯಿಂದ ಈಶಪ್ಪನ ಅಂಗೈಗೆ ಮರಳಿ ಜಾರಿಸಿದ. "ತಡೀರಿ, ಹಲಗಿ ತರತೀನಿ. ನಿಮ್ಮ ಕೈಲೇ ಇಡ್ರಿ ಅದರ ಜಾಗಾದಾಗ."

ಒಳಗೆ ಪೆಟ್ಟಿಗೆ ತೆರೆಯುವ ಸಪ್ಪಳವಾಯಿತು. ಅವನು ಬರಿಗೈಲಿ ಹಿಡಿಯುವುದಿಲ್ಲ. ಎಂದೂ ಹಿಡಿಯುವುದಿಲ್ಲ. ಅಂಗಳದ ಬಿಸಿಲು ಆಗಲೇ ಏರುತ್ತಿತ್ತು. ಮರಳಿ ನಡೆಯಲು ಇನ್ನೂ ಅಷ್ಟು ದಾರಿ. ಬಿರಿದ ತುಟಿ. ಹಸಿರು ನಾಲಗೆ. ಹೊತ್ತು ಓಡುತ್ತಿತ್ತು.

ಗೆಜ್ಜೆಯ ಸಪ್ಪಳ. ಹಾಲುಮೀಸೆ ಒರೆಸಿಕೊಳ್ಳದೆ ಓಡಿಬಂದ ಹುಡುಗಿಯೊಂದು ಅವನ ಮೊಣಕಾಲಿಗೆ ಒರಗಿ ನಿಂತಿತು. ಸಾವ್ಕಾರನ ಮೊಮ್ಮಗಳು ಪಾರವ್ವ. ಐದೋ ಆರೋ.

"ಆನಿ ಐತಿ!" ಎಂದಿತು. "ಸೊಂಡಿ ಯಾಕ ಮ್ಯಾಲೈತ್ರಿ? ನೀರಡಿಸೈತೇನು?"

ಈಶಪ್ಪನ ಕೈ ತೆರೆದೇ ಇತ್ತು. ಹುಡುಗಿಯ ಕಣ್ಣು ಅರಳಿದ್ದವು. ಕಿರುಬೆರಳುಗಳು ಮೇಲೆದ್ದವು. ಬರಿಗೈ. ಆಸೆ ತುಂಬಿದ ಕೈ. ಅವನು ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನೆ ಕೂತಿದ್ದರೆ ಸಾಕಿತ್ತು. ಒಂದು ಉಸಿರು. ಅಷ್ಟು ಹೊತ್ತು ಕೂತಿದ್ದರೆ ಬೇವೂರಿನ ಕತ್ತಲೆಕೋಣೆಯಲ್ಲಿ ನೀಲವ್ವನ ಗಂಟಲಿಗೆ ನೀರು ಇಳಿಯುತ್ತಿತ್ತು. ಅರವತ್ತರ ಲೆಕ್ಕ ನೆನಪಿಸಿಕೊಳ್ಳಲು ನೋಡಿದ. ಇಲ್ಲಿ ಅರವತ್ತು ಇರಲಿಲ್ಲ. ಮನೆಯಲ್ಲಿ ಆರು. ಎದುರಿಗೂ ಆರೇ ಇತ್ತು.

ಮುಷ್ಟಿ ಮುಚ್ಚಿತು. ಉಗುರು ಅಂಗೈಗೆ ಇಳಿಯುವಷ್ಟು ಬಿಗಿಯಾಗಿ.

ಹುಡುಗಿ ಅಳತೊಡಗಿತು. ಗವಿಸಿದ್ದಪ್ಪ ಹಲಗೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದ. "ಯಾಕ್ರಿ ಮಾಸ್ತರ, ಕೂಸಲ್ಲೇನು? ಅದರ ಆಸಿಕಿಂತ ತಾಮ್ರ ದೊಡ್ಡದಲ್ಲ ಬಿಡ್ರಿ. ಒಮ್ಮೆ ಹಿಡೀಲಿ. ಕೊಡ್ರಿ, ನಾನ ಕೇಳಾಕತ್ತೀನಿ."

ಈಶಪ್ಪ ಎದ್ದು ನಿಂತ. ಹೊರಗಿನ ಬಿಸಿಲು ಕಣ್ಣಿಗೆ ಹೊಡೆಯಿತು.

"ಇಲ್ರಿ," ಎಂದ. "ಕೊಡಂಗಿಲ್ಲ."