ಬಲ ಅಂಚು ಮೇಲಾದಾಗ

ಬೆಟ್ಟದ ಮೇಲಿನ ಕೋಟೆಗೆ ಕೊನೆಯ ಕೈ ಗಾರೆ ಬಳಿದು ಮೂರು ದಿನವಾಗಿತ್ತು. ಇವತ್ತು ದುರಸ್ತಿ ಮುಗಿದ ಕೋಟೆಯ ಬಾಗಿಲು ಮತ್ತೆ ತೆರೆಯುವ ದಿನ. ಗಾರೆಯವರೆಲ್ಲ ಮಧ್ಯಾಹ್ನದ ಬಸ್ಸಿಗೆ ಇನ್ನೊಂದು ಊರಿನ ಕೆಲಸಕ್ಕೆ ಹೊರಡಬೇಕು. ಅವರಲ್ಲಿ ತಾಮೊತ್ಸು ಮಾತ್ರ ಬೆಳಿಗ್ಗೆಯಿಂದ ಹೆಬ್ಬಾಗಿಲ ಬಳಿ ಚಡಪಡಿಸುತ್ತಿದ್ದ. ಟಿಕೆಟ್ ಕೊಡುವ ಚಿಗುಸಾಗೆ ಅವನು ಒಂದು ಮಾತು ಹೇಳಬೇಕಿತ್ತು. ಎರಡು ವರ್ಷದಿಂದ ಹೇಳಬೇಕಿತ್ತು. ಕೈಯಲ್ಲಿದ್ದ ಧೈರ್ಯ ಬಾಯಲ್ಲಿರಲಿಲ್ಲ ಪುಣ್ಯಾತ್ಮನಿಗೆ.

ಮಂಜು ಬೆಟ್ಟವನ್ನೇ ನುಂಗಿತ್ತು. ಕೆಳಗಿನ ಊರಿಲ್ಲ, ಪೈನ್ ಮರಗಳಿಲ್ಲ, ಹತ್ತು ಮೆಟ್ಟಿಲಿನಾಚೆ ಏನೂ ಇಲ್ಲ. ಆಗ ಮೇಸ್ತ್ರಿಯ ಫೋನ್ ಬಂತು.

"ಏಯ್, ಆ ಟಿಕೆಟ್ ಹುಡುಗಿ ಕಾರು ಕೆಳಗಿನ ತಿರುವಲ್ಲಿ ಮಗುಚ್ಕೊಂಡಿದ್ಯಂತೆ ಕಣೋ!"

ಅಷ್ಟಕ್ಕೇ ಸಿಗ್ನಲ್ ಹೋಯಿತು. ತಾಮೊತ್ಸು ಓಡಲು ಕಾಲೆತ್ತಿದ. ಎದುರಿಗೆ ಮಂಜಿನಲ್ಲಿ ಅವಳೇ ನಿಂತಿದ್ದಳು.

ಹೆಜ್ಜೆಯ ಸದ್ದೇ ಬಂದಿರಲಿಲ್ಲ. ಬಿಳಿಚಿದ ಮುಖ, ಕೂದಲಿಂದ ತೊಟ್ಟಿಕ್ಕುವ ನೀರು, ತಿಳಿನೀಲಿ ಕಿಮೋನೊ. ಕಿಮೋನೊದ ಬಲ ಅಂಚು ಎಡದರ ಮೇಲಿತ್ತು.

ಬದುಕಿರುವವರು ಎಡ ಅಂಚನ್ನು ಮೇಲೆ ತರುತ್ತಾರೆ. ಬಲ ಅಂಚು ಮೇಲೆ ಬರುವುದು ಹೆಣಕ್ಕೆ ಉಡಿಸುವಾಗ. ಈ ವಸಂತದಲ್ಲಿ ಅಜ್ಜಿಗೆ ಅವನೇ ಹಾಗೆ ಉಡಿಸಿದ್ದ.

"ಹೋಗೋ ಮುಂಚೆ ನನ್ನ ನೋಡೋಕೆ ಬಂದ್ಯಾ?"

ಅವಳು ಬಾಯಿ ತೆರೆದಳು.

"ಬೇಡ, ಮಾತಾಡ್ಬೇಡ! ಸತ್ತೋರು ಮಾತಾಡಿದ್ರೆ ಹೊರಟ್ಹೋಗ್ತಾರಂತೆ, ಅಜ್ಜಿ ಹೇಳೋಳು." ಅವನು ಒಂದು ಹೆಜ್ಜೆ ಹತ್ತಿರ ಬಂದ. "ನಿನ್ನ ಟಿಕೆಟ್ ಕಿಟಕಿ ಪಕ್ಕದ ಗೋಡೆ ಸರಿಯಾಗೇ ಇತ್ತು ಕಣೇ. ನಿನ್ನ ನೋಡೋಕಂತ ಮೂರು ಸಲ ಕೆರೆದು ಬಳಿದೆ. ನೀನಂದ್ರೆ ನಂಗೆ ಪ್ರಾಣ. ಇವತ್ತು ಹೇಳೋಣ ಅಂತಿದ್ದೆ. ಈ ದರಿದ್ರ ಬಾಯಿ..."

ಅವಳು ಮೆಲ್ಲನೆ ಅವನ ಮಣಿಕಟ್ಟು ಹಿಡಿದಳು. ಕೈ ಮಂಜುಗಡ್ಡೆ. ಅವನು ಕಣ್ಣು ಮುಚ್ಚಿದ.

"ನನ್ನೂ ಕರ್ಕೊಂಡ್ಹೋಗು."

"ಆಕ್ಷೀ!"

ಅವನು ಕಣ್ಣು ಬಿಟ್ಟ. ಚಿಗುಸಾ ಮೂಗೊರೆಸಿಕೊಳ್ಳುತ್ತಿದ್ದಳು.

"ಎಲ್ಲಿಗ್ರೀ ಕರ್ಕೊಂಡ್ಹೋಗ್ಲಿ? ಕಾರು ಚರಂಡಿಗಿಳೀತು ಅಷ್ಟೇ. ಚಪ್ಪಲಿ ಕೈಲಿ ಹಿಡ್ಕೊಂಡು ಕಾಡುದಾರೀಲಿ ಹತ್ತಿ ಬಂದೆ."

ಅವನು ಅವಳ ಕಿಮೋನೊದತ್ತ ಬೆರಳು ತೋರಿಸಿದ. ಅವಳು ಬಗ್ಗಿ ನೋಡಿಕೊಂಡಳು.

"ಅಯ್ಯೋ! ಇವತ್ತು ಎಲ್ರೂ ಕಿಮೋನೊ ಉಟ್ಕೊಂಡೇ ಬರ್ಬೇಕು ಅಂದ್ರಲ್ಲ, ಕನ್ನಡಿ ನೋಡ್ಕೊಂಡು ಒಬ್ಳೇ ಉಟ್ಟೆ. ಎಡಬಲ ಅದ್ಲುಬದ್ಲಾಗಿದೆ!" ನಗು ಅರ್ಧಕ್ಕೆ ನಿಂತಿತು. ಅವಳು ಅವನನ್ನೇ ದಿಟ್ಟಿಸಿದಳು. "ಬದುಕಿದೀನಿ ಅಂತ ಗೊತ್ತಿದ್ದಿದ್ರೆ ಹೇಳ್ತಾನೇ ಇರ್ಲಿಲ್ಲ, ಅಲ್ವಾ?"

ತಾಮೊತ್ಸು ತಲೆ ತಗ್ಗಿಸಿದ. ನಾಚಿಕೆಗೆ ಅವನ ಕಿವಿಯೆಲ್ಲ ಕೆಂಪಾಯಿತು.

"ನಿಲ್ಲಿ. ಮೊದ್ಲು ಇದನ್ನ ಸರಿಮಾಡ್ಕೊಂಡ್ ಬರ್ತೀನಿ."

ಅವಳು ಹೆಬ್ಬಾಗಿಲ ಮರೆಗೆ ಹೋದಳು. ಮಂಜು ಅವಳ ಹಿಂದೆಯೇ ನುಗ್ಗಿತು. ಸ್ವಲ್ಪ ಹೊತ್ತು ಬಟ್ಟೆಯ ಸರಸರ ಕೇಳಿಸಿತು, ಆಮೇಲೆ ಅದೂ ಇಲ್ಲ.

"ಚಿಗುಸಾ?"

ಉತ್ತರವಿಲ್ಲ. ಹಕ್ಕಿಯ ದನಿಯೂ ಇಲ್ಲ. ತನ್ನ ಮಣಿಕಟ್ಟು ಹಿಡಿದಿದ್ದ ಆ ತಣ್ಣನೆಯ ಕೈ ನಿಜವೋ ಸುಳ್ಳೋ ಎಂದು ಅವನಿಗೆ ಅನುಮಾನ ಬಂತು. ಇನ್ನು ತಡೆದರೆ ಕೆಟ್ಟೆ ಅನ್ನಿಸಿತು.

"ಚಿಗುಸಾ, ನನ್ನ ಮದ್ವೆ ಆಗ್ತೀಯಾ?"

ಮಂಜು ಅಲುಗಲಿಲ್ಲ.

"ಬಾಯಲ್ಲಿ ಕಿಮೋನೊ ಕಟ್ಟೋ ದಾರ ಕಚ್ಕೊಂಡಿದ್ದೆ ಕಣೋ," ಕೊನೆಗೂ ಅವಳ ದನಿ ಬಂತು, ಅಳುವಿನಲ್ಲಿ ನೆನೆದು. "ಆಗ್ತೀನಿ."